ಸೀಲಿಂಗ್ ಮುಟ್ಟದ ಬಲಗೈ

ಬೆಳ್ಳಾರೆಯ ಹೊಸ ಮನೆಯೊಂದರಲ್ಲಿ ಸೀಲಿಂಗಿಗೆ ರೋಲರ್ ಎಳೆಯುತ್ತಿದ್ದೆ. ಬಲಭುಜದೊಳಗೆ ಏನೋ ಚುಚ್ಚಿತು. ಕೈ ಅರ್ಧದಲ್ಲೇ ನಿಂತಿತು. ರೋಲರ್ ಕೆಳಗೆ ಬಿತ್ತು.

ಪೇಂಟಿಂಗ್ ಕೆಲಸದಲ್ಲಿ ನಾನು ಮತ್ತು ಅಣ್ಣ ಜೋಡಿ. ಅವನು ರೋಲರ್ ಹೆಕ್ಕಿ ನನ್ನ ಕಾಲಬುಡಕ್ಕೆ ಎಸೆದ.

"ಎಂತ ಮಾರಾಯ, ಮನೆ ಒಕ್ಕಲಿನ ದಿನ ಹತ್ತಿರ ಬಂತು. ನಿನ್ನ ನಾಟಕ ಆಮೇಲೆ ಮಾಡು."

ನೋವಿಗಿಂತ ಆ ಮಾತು ಹೆಚ್ಚು ಉರಿಸಿತು. ಹಲ್ಲು ಕಚ್ಚಿ ಕೆಲಸ ಮುಗಿಸಿದೆ. ಮರುದಿನ ಅಂಗಿಯ ತೋಳಿಗೆ ಕೈ ತೂರಿಸಲಾಗಲಿಲ್ಲ. ನಿದ್ದೆಯಲ್ಲಿ ಬಲಮಗ್ಗುಲಿಗೆ ಹೊರಳಿದರೆ ಸಾಕು, ಎಚ್ಚರವಾಗುತ್ತಿತ್ತು. ಅಂಗಿ ತೊಡಿಸಲು ಬಂದ ಹೆಂಡತಿಯ ಮೇಲೂ ರೇಗುತ್ತಿದ್ದೆ. ಬೇರೊಬ್ಬರ ಕೈಯಿಂದ ಗುಂಡಿ ಹಾಕಿಸಿಕೊಳ್ಳುವ ದೇಹ ನನ್ನದೆಂದೇ ಅನಿಸುತ್ತಿರಲಿಲ್ಲ.

ಅಣ್ಣ ನನ್ನನ್ನು ಮರ್ಕಂಜದ ಕಡೆ ಉಳುಕು ತಿಕ್ಕುವ ಒಬ್ಬರಲ್ಲಿಗೆ ಎಳೆದುಕೊಂಡು ಹೋದ. "ಎಲುಬು ಜಾರಿದೆ" ಎಂದು ಅವರು ಎಣ್ಣೆ ಹಚ್ಚಿ, ಕೈಯನ್ನು ತಲೆಯ ಮೇಲಕ್ಕೆ ಬಲವಾಗಿ ಎತ್ತಿದರು. ಬೇಡ ಎಂದು ಕಿರುಚಿದೆ. ನಾನು ಏಳದಂತೆ ಅಣ್ಣ ಎಡಭುಜವನ್ನು ಅದುಮಿ ಹಿಡಿದಿದ್ದ.

ಆ ಸಂಜೆ ಅನ್ನದ ತುತ್ತು ಬಾಯಿಗೆ ತಲುಪಲಿಲ್ಲ.

ಹೆಂಡತಿಯೇ ಪುತ್ತೂರಿಗೆ ಕರೆದೊಯ್ದಳು. ಡಾಕ್ಟರ್ ಸ್ಕ್ಯಾನಿಂಗ್ ನೋಡಿದರು, ತಿಕ್ಕಿ ಕಂದಿದ ಭುಜವನ್ನೂ ನೋಡಿದರು.

"ಬರ್ಸೈಟಿಸ್. ಭುಜದ ಎಲುಬಿಗೂ ಸ್ನಾಯುವಿಗೂ ನಡುವೆ ನೀರಿನ ಸಣ್ಣ ಚೀಲ ಉಂಟು. ಒಂದಕ್ಕೊಂದು ಉಜ್ಜದ ಹಾಗೆ ನೋಡುದು ಅದೇ. ಕೈ ಎತ್ತಿ ಎತ್ತಿ ಅದಕ್ಕೆ ಊತ ಬಂದಿದೆ. ಇದನ್ನು ತಿಕ್ಕಿದ್ದು ಯಾರು?"

"ಇವರ ಅಣ್ಣ ಕರ್ಕೊಂಡು ಹೋದದ್ದು ಡಾಕ್ಟ್ರೆ."

"ಇನ್ನು ಯಾರೂ ತಿಕ್ಕುದು ಬೇಡ. ಸೀಲಿಂಗ್ ಕೆಲಸ ಸದ್ಯಕ್ಕೆ ಬಂದ್. ಹಾಗಂತ ಕೈ ಕಟ್ಟಿಯೂ ಇಡ್ಬೇಡಿ, ಭುಜ ಗಟ್ಟಿಯಾಗ್ತದೆ."

ಐಸ್, ಮಾತ್ರೆ, ಫಿಸಿಯೋಥೆರಪಿ. ಗೋಡೆಯ ಮೇಲೆ ಬೆರಳುಗಳನ್ನು ಮೆಲ್ಲಗೆ ಮೇಲಕ್ಕೆ ಹತ್ತಿಸುವ ವ್ಯಾಯಾಮ. ಎಷ್ಟೋ ಮನೆಗಳ ಗೋಡೆಗೆ ಬಣ್ಣ ಬಳಿದವನು ನಾನು. ಈಗ ಸ್ವಂತ ಮನೆಯ ಸ್ವಿಚ್‌ಬೋರ್ಡ್ ದಾಟುವಷ್ಟರಲ್ಲಿ ಬೆವರುತ್ತಿದ್ದೆ. ಆ ಗೋಡೆಯನ್ನೂ ಬೈದೆ.

ಕೈ ತಲೆ ಬಾಚುವಷ್ಟು ಮೇಲೇರತೊಡಗಿದಾಗ ಅಣ್ಣ ಬಂದ.

"ಸುಳ್ಯದಲ್ಲಿ ಒಂದು ಮನೆ ಉಂಟು. ಮೇಲಿನದ್ದು ನಾನು ಮಾಡ್ತೇನೆ. ನೀನು ಕೆಳಗಿನದ್ದು ನೋಡ್ಕೊ."

"ಮರ್ಕಂಜದಲ್ಲಿ ನನ್ನನ್ನು ಅದುಮಿ ಹಿಡಿದೆಯಲ್ಲ, ಅದಕ್ಕೆ ಎಂತ ಹೇಳ್ತಿ?"

ಅವನು ಅಂಗಳ ನೋಡಿದ. ಚಪ್ಪಲಿ ಮೆಟ್ಟಿಕೊಂಡು ಹೊರಟ.

ಆದರೂ ಕೆಲಸಕ್ಕೆ ಹೋದೆ. ಭುಜದ ಎತ್ತರದವರೆಗೆ ಮಾತ್ರ ಬಣ್ಣ ಬಳಿಯುತ್ತೇನೆ. ನೋವು ಶುರುವಾದರೆ ಬ್ರಷ್ ಕೆಳಗಿಡುತ್ತೇನೆ. ಯಾರು ಏನನ್ನುತ್ತಾರೋ ಎಂದು ಮುಖ ನೋಡುವುದಿಲ್ಲ. ಅಣ್ಣ ಏಣಿಯ ಮೇಲೆ, ನಾನು ಕೆಳಗೆ. ಮಾತು ಕಡಿಮೆ. ಭುಜದ ಊತ ಇಳಿದಿದೆ, ಸಿಟ್ಟು ಇಳಿದಿಲ್ಲ. ಸದ್ಯಕ್ಕೆ ನನ್ನ ಅಂಗಿಯನ್ನು ನಾನೇ ತೊಡುತ್ತಿದ್ದೇನೆ.