ಎಲ್ಸಮ್ಮನವರ ಭಾನುವಾರದ ಮಾತ್ರೆ

ನಾಲೆಯ ನೀರು ಹರಿದು ನಮ್ಮ ಮಂಡ್ಯದ ಕಡೆ ಕಬ್ಬು, ಭತ್ತ ಎದ್ದು ನಿಂತ ಕಾಲ ಅದು. ನೀರಿನ ಜೊತೆಗೆ ಸೊಳ್ಳೆಯೂ ಬಂತು, ಚಳಿಜ್ವರವೂ ಬಂತು. ಮದ್ದೂರಿನ ಹೆಣ್ಣುಮಕ್ಕಳ ಬೋರ್ಡಿಂಗ್ ಶಾಲೆಯಲ್ಲಿ ನಾವು ಇಪ್ಪತ್ತು ಮಂದಿ, ಎಲ್ಲ ರೈತರ ಮಕ್ಕಳು. ನನಗೆ ಆಗ ಹತ್ತು ವರ್ಷ.

ನಮಗೆ ಪಾಠ ಹೇಳುತ್ತಿದ್ದ ಎಲ್ಸಮ್ಮ ಡೆನ್ಮಾರ್ಕಿನವರು. ಸಂಬಳವಿಲ್ಲದೆ ಸೇವೆಗೆಂದು ಬಂದವರು. ಅಡುಗೆಯ ಕೆಂಪಮ್ಮನಿಂದ ಕನ್ನಡ ಕಲಿತಿದ್ದರಿಂದ ಅವರ ಬಾಯಲ್ಲಿ ಬರುತ್ತಿದ್ದುದು ಅಪ್ಪಟ ನಮ್ಮೂರ ಮಾತು. ನಮ್ಮ ತಲೆಗೆ ಹರಳೆಣ್ಣೆ ಹಚ್ಚಿ ಹೇನು ಬಾಚುತ್ತಲೇ ಮಗ್ಗಿ ಹೇಳಿಸುವರು. ತಪ್ಪಿದರೆ ಬಾಚಣಿಗೆಯಿಂದಲೇ ಒಂದು ಏಟು.

ಭಾನುವಾರ ಮುದ್ದೆ ಊಟವಾದ ಮೇಲೆ ಸಾಲಾಗಿ ನಿಲ್ಲಬೇಕು. ಚಳಿಜ್ವರ ಬಾರದಿರಲೆಂದು ಎಲ್ಸಮ್ಮ "ಬಾಯ್ ಬುಡಮ್ಮಿ" ಎಂದು ನಾಲಿಗೆಯ ಮೇಲೆ ಕ್ವಿನೈನ್ ಮಾತ್ರೆಯಿಟ್ಟು, ಕೈಗೆ ಒಂದು ಚೂರು ಬೆಲ್ಲ ಕೊಡುತ್ತಿದ್ದರು. ನಾನು ಮಾತ್ರೆಯನ್ನು ದವಡೆಗೆ ಒತ್ತಿಟ್ಟುಕೊಂಡು ಹಿತ್ತಲಿಗೆ ಓಡುತ್ತಿದ್ದೆ. ಅಲ್ಲಿ ಅದನ್ನು ಉಗಿದು ಬೆಲ್ಲ ಚೀಪುತ್ತಿದ್ದೆ. "ಆ ಮಾತ್ರೆ ನುಂಗುದ್ರೆ ಕಿವಿ ಕಿವುಡಾಯ್ತದೆ ಕಣಮ್ಮಿ, ಉಗುದ್ಬುಡು" ಎಂದು ಅಜ್ಜಿ ಹೇಳಿ ಕಳಿಸಿದ್ದಳು. ಅಜ್ಜಿಯ ಮಾತೆಂದರೆ ನನಗೆ ವೇದವಾಕ್ಯ.

ಎರಡನೇ ಮಹಾಯುದ್ಧ ಜೋರಾದಾಗ ಅಂಗಡಿಗಳಲ್ಲಿ ಆ ಮಾತ್ರೆ ಸಿಗದಾಯಿತು. ಆದರೂ ನಮ್ಮ ಭಾನುವಾರ ತಪ್ಪಲಿಲ್ಲ. ದೀಪಾವಳಿ ಕಳೆದ ವಾರ ಎಲ್ಸಮ್ಮ ಪಾಠದ ನಡುವೆ ಗಡಗಡ ನಡುಗಿ ಕುಸಿದರು. ನಾಲ್ಕು ಕಂಬಳಿ ಹೊದಿಸಿದರೂ ನಡುಕ ನಿಲ್ಲಲಿಲ್ಲ. ಕೆಂಪಮ್ಮ ಅಳುತ್ತಾ ನಮ್ಮನ್ನೇ ಬೈದಳು: "ಅವ್ರ ಪಾಲಿನ್ ಮಾತ್ರೆನೂ ನಿಮ್ಗೇ ಅಂಚ್ಬುಟ್ರು ಕಣ್ರಮ್ಮಿ. ಮೂರ್ ತಿಂಗ್ಳಿಂದ ಅವ್ರು ಒಂದೂ ನುಂಗಿಲ್ಲ."

ನಾನು ಎಲ್ಸಮ್ಮನವರ ಹಾಸಿಗೆಯ ಬಳಿ ಹೋಗಿ ನಿಂತೆ.

"ಅಮ್ಮ, ನಾನು ಮಾತ್ರೆ ನುಂಗ್ತಿರ್ನಿಲ್ಲ. ಎಲ್ಲಾನೂ ಉಗುದ್ಬುಟ್ಟೆ."

ಅವರು ಬೈಯಲಿಲ್ಲ.

"ನಿಂಗೆ ಜ್ವರ ಬಂತಾ?"

"ಇಲ್ಲ."

"ಸದ್ಯ, ಬುಡು" ಎಂದು ಕಣ್ಣು ಮುಚ್ಚಿದರು.

ಮರುದಿನ ಅವರನ್ನು ರೈಲಿನಲ್ಲಿ ಮೈಸೂರಿನ ಆಸ್ಪತ್ರೆಗೆ ಕರೆದೊಯ್ದರು. ಐದನೆಯ ದಿನ ತೀರಿಕೊಂಡ ಸುದ್ದಿ ಬಂತು. ಕೆಂಪಮ್ಮ ಅಂದು ಒಲೆ ಹಚ್ಚಲಿಲ್ಲ. ನಮಗ್ಯಾರಿಗೂ ಹಸಿವೂ ಆಗಲಿಲ್ಲ.

ನಾನು ಉಗಿದ ಮಾತ್ರೆಗಳು ಅವರ ಹೊಟ್ಟೆ ಸೇರಿದ್ದರೆ ಬದುಕುತ್ತಿದ್ದರೇ? ಡಾಕ್ಟರಾಗಿರುವ ನನ್ನ ಮಗ "ಹಾಗೆಲ್ಲ ಹೇಳೋಕಾಗಲ್ಲಮ್ಮ" ಅನ್ನುತ್ತಾನೆ. ನನ್ನ ಸಮಾಧಾನಕ್ಕೆ ಹೇಳುತ್ತಾನೆಂದು ನನಗೆ ಗೊತ್ತು. ಮುದುಕಿಯಾದರೂ ಆ ಪಾಪಪ್ರಜ್ಞೆ ನನ್ನನ್ನು ಬಿಟ್ಟಿಲ್ಲ.

ಆಗ ಎಲ್ಸಮ್ಮನವರಿಗೆ ಇಪ್ಪತ್ತೇಳು ವರ್ಷವಂತೆ. ನಮ್ಮ ಕಣ್ಣಿಗೆ ದೊಡ್ಡವರು, ಎಲ್ಲರ ಅಮ್ಮ. ಈಗ ನನ್ನ ಮೊಮ್ಮಗಳಿಗೆ ಅದೇ ವಯಸ್ಸು. ನೆಗಡಿಯಾದರೂ ತಾಯಿಗೆ ಫೋನು ಮಾಡುತ್ತಾಳೆ. ಎಲ್ಸಮ್ಮನಿಗೂ ದೂರದಲ್ಲೊಬ್ಬಳು ತಾಯಿ ಇದ್ದಳಲ್ಲ. ಯುದ್ಧದ ದೆಸೆಯಿಂದ ಆ ದೇಶಕ್ಕೆ ಕಾಗದ ಹೋಗುತ್ತಿರಲಿಲ್ಲ. ಮಗಳು ಹೋದಳೆಂದು ಅವಳಿಗೆ ಯಾರು ಹೇಳಿದರೋ, ಎಷ್ಟು ದಿನ ಮಗಳ ಕಾಗದಕ್ಕೆ ಕಾದಳೋ. ಆಗ ನಾವು ಯಾರೂ ಕೇಳಲಿಲ್ಲ. ಈಗ ಕೇಳೋಣವೆಂದರೆ ಹೇಳುವವರು ಒಬ್ಬರೂ ಉಳಿದಿಲ್ಲ.