ಖಾಲಿ ಚೌಕದ ಕೆಳಗಿನ ಸಾಲು

ಆ ಸಾಲನ್ನು ಅಳಿಸಿದವನು ನಾನು, ಗುಲಾಬಿ. ನೀನು ಅದನ್ನು ಹಾಕಿದ್ದೆ. ನಾನು ಓದಿದ್ದೆ. ನೀನು ಊಟಕ್ಕೆ ಹೋದಾಗ ನನ್ನ ಕೈಯಾರೆ ತೆಗೆದೆ, ಆಮೇಲೆ ನಾಲ್ಕು ಜನರೆದುರು ನಿನ್ನ ಹೆಸರು ಹೇಳಿದೆ. ಇಷ್ಟನ್ನು ಬರೆಯಲು ನನಗೆ ಒಂಬತ್ತು ವರ್ಷ ಹಿಡಿಯಿತು— ಬೆಳಿಗ್ಗೆ ಐದಕ್ಕೆ ಸ್ನಾನ, ಆರಕ್ಕೆ ಗಂಜಿ ಎಂದು ಒಂದು ದಿನವೂ ತಪ್ಪದೆ ಬದುಕಿದ ನನಗೆ.

ನನ್ನ ಕೆಲಸ ನಿನಗೆ ಗೊತ್ತು. ಮೂವತ್ತಕ್ಕೂ ಹೆಚ್ಚು ವರ್ಷ ತಂತಿ ಕಚೇರಿ. ಈ ತುದಿಯಲ್ಲಿ ಕುಟ್ಟಿದ ಅಕ್ಷರವೇ ಆ ತುದಿಯಲ್ಲಿ ಇಳಿಯಬೇಕು. ತಂತಿಯಲ್ಲಿ ದಿನಾಂಕವೋ ಅಂಕಿಯೋ ಇದ್ದರೆ ಆಚೆಯವನು ಅದನ್ನು ತಿರುಗಿ ಹೇಳಬೇಕು, ಸರಿಯೆಂದ ಮೇಲೆಯೇ ಮುಂದಿನದು. ನಿವೃತ್ತನಾದ ಮೇಲೆ ಬಿಜೂರಿನ ನಮ್ಮ ಕುಟುಂಬದ ನಾಗಬನದ ಕಾರ್ಯದರ್ಶಿ ಕೆಲಸ ನನ್ನ ಪಾಲಿಗೆ ಬಂತು. ಮನೆಗಳು ಮುಂಬಯಿ, ಪುಣೆ, ಬಹರೈನ್ ಎಂದು ಚದುರಿದ್ದರಿಂದ ಕರೆಯೋಲೆಯನ್ನು ಇ-ಮೇಲಿನಲ್ಲಿ ಕಳಿಸೋಣ ಎಂದೆವು. ಕುಂದಾಪುರದ ಪ್ರೆಸ್ಸಿನಲ್ಲಿ ಕಂಪ್ಯೂಟರಿಗೆ ಕೂತಿದ್ದವಳು ನೀನು. ಮೊಬೈಲಿನಲ್ಲೇ ಎಲ್ಲ ಕಾಣುವ ಕಾಲ ಇನ್ನೂ ಬಂದಿರಲಿಲ್ಲ.

ನನಗೆ ಬೇಕಿದ್ದದ್ದು ಒಂದೇ— ಅಚ್ಚಿನ ಕರೆಯೋಲೆ ಹೇಗಿದೆಯೋ ಹಾಗೆಯೇ ಎಲ್ಲ ಕಡೆ ಕಾಣಬೇಕು. ಕೆಂಪು ಅಂಚು, ಹಳದಿ ನೆಲ, ನಡುವೆ ನಾಗನ ಹೆಡೆ, ಎರಡೂ ಬದಿ ಸಮ. ಸ್ಕೇಲು ಹಿಡಿದು ಪರದೆಯ ಮೇಲೆ ಅಳೆಯುತ್ತಿದ್ದೆ. ನೀನು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದೆ. ಆದರೆ ನಿನ್ನ ಕಂಪ್ಯೂಟರಿನಲ್ಲಿ ಸರಿಯಿದ್ದದ್ದು ಬ್ರಹ್ಮಾವರದ ಸೈಬರ್ ಅಂಗಡಿಯಲ್ಲಿ ತೆರೆದರೆ ಅಂಚು ತುಂಡಾಗಿ ಒಂದು ಬದಿಗೆ ಜೋತು ಬೀಳುತ್ತಿತ್ತು. ಅಲ್ಲಿ ಸರಿ ಮಾಡಿದರೆ ಬೈಂದೂರಿನಲ್ಲಿ ಕನ್ನಡವೆಲ್ಲ ಸಾಲು ಸಾಲು ಡಬ್ಬಿಗಳಾಗುತ್ತಿತ್ತು. ಒಂದೊಂದು ಊರಿನಲ್ಲಿ ಒಂದೊಂದು ಬಗೆಯ ಕಂಪ್ಯೂಟರ್, ಒಂದೊಂದರಲ್ಲಿ ಒಂದೊಂದು ಅಕ್ಷರ. ನಾವೇ ಕಳಿಸಿದ್ದನ್ನು ನೋಡಲು ನಾವೇ ಬಸ್ಸು ಹತ್ತುತ್ತಿದ್ದೆವು. ಮೂರನೆಯ ಸಲ ಕಂಡಕ್ಟರ್ ಕೇಳಿಯೇ ಬಿಟ್ಟ: “ಹ್ವಾಯ್, ನಿಮ್ ಕಾಗ್ದ ನೀವೇ ಓದುಕೆ ಬೈಂದೂರಿಗ್ ಹೋಪುದಾ? ಮನೆಯಂಗೇ ಓದಿರೆ ಆತಿಲ್ಯಾ?” ನೀನು ಬಸ್ಸಿನಲ್ಲೇ ನಕ್ಕೆ. ನನಗೆ ನಗು ಬರಲಿಲ್ಲ. ರಾತ್ರಿ ನಿದ್ದೆಯೂ ಬರುತ್ತಿರಲಿಲ್ಲ— ಯಾವ ಊರಿನ ಯಾವ ಮೇಜಿನ ಮೇಲೆ ನಮ್ಮ ನಾಗನ ಹೆಡೆ ಮುರಿದು ಬಿದ್ದಿದೆಯೋ ಎಂದು.

ಕೊನೆಗೆ ದಾರಿ ತೋರಿಸಿದವಳೂ ನೀನೇ. ಇಡೀ ಕರೆಯೋಲೆಯನ್ನು ಒಂದೇ ಚಿತ್ರ ಮಾಡಿದೆ. ಅಂಚು ಮುರಿಯಲಿಲ್ಲ, ಅಕ್ಷರ ಡಬ್ಬಿಯಾಗಲಿಲ್ಲ. ಆ ವರ್ಷ ಬನದಲ್ಲಿ ನಾಗನಿಗೆ ನಡೆಸುವ ಪೂಜೆ, ಆಶ್ಲೇಷಾ ಬಲಿಯ ಮೊದಲ ಕರೆಯೋಲೆ ಹಾಗೆಯೇ ಹೋಯಿತು. ಚಿತ್ರದ ಹೊರಗೆ, ಕೆಳಗೆ ನೀನು ಬೇರೆಯಾಗಿ ಟೈಪಿಸಿದ ಒಂದು ಸಾಲಿನಲ್ಲಿ ದಿನಾಂಕವೂ ಇತ್ತು. ಚೆನ್ನಾಗಿ ಕಾಣುತ್ತಿದೆ ಎಂದು ಮುಂಬಯಿಯಿಂದ ಉತ್ತರ ಬಂದಾಗ ನಾನು ಹಿಗ್ಗಿದ್ದೆ.

ಆಮೇಲೆ ಕುಟುಂಬದ ಒಂದು ದೂರದ ಕವಲಿನಲ್ಲಿ ಅಜ್ಜಿಯೊಬ್ಬರು ತೀರಿಕೊಂಡರು. ಸೂತಕ ಬಂತು. ಬನದಲ್ಲಿ ದೀಪ ಹಚ್ಚುವ ಹಾಗಿಲ್ಲ. ಬಲಿಯನ್ನು ಹದಿನೈದು ದಿನ ಮುಂದಕ್ಕೆ ಹಾಕಿದೆವು. ಅದನ್ನು ತಿಳಿಸುವ ಎರಡನೆಯ ಓಲೆಯನ್ನು ನೀನು ಅದೇ ಅಂಚು, ಅದೇ ಬಣ್ಣದಲ್ಲಿ ಮಾಡಿದೆ. ಈ ಸಲವೂ ಚಿತ್ರದ ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮ ಕನ್ನಡದ ಒಂದೇ ಸಾಲು: ಸೂತಕ ಬಂದಿದೆ, ಬಲಿ ಇಂಥ ದಿನಕ್ಕೆ ಹೋಗಿದೆ.

“ಚಿತ್ರ ಬಂದ್ ಮಾಡಿಟ್ಟ ಆಫೀಸ್ ಇರತ್ತ್ ಸಾರ್. ಅಲ್ಲಿ ಬರೀ ಖಾಲಿ ಚೌಕ ಕಾಣತ್ತ್. ಈ ಸಾಲ್ ತೆಗಿಬೇಡಿ ಮತ್ತೆ,” ಎಂದೆ. ಇಷ್ಟು ಸ್ಪಷ್ಟವಾಗಿ ಹೇಳಿ ನೀನು ಊಟಕ್ಕೆ ಹೋದೆ.

ನಾನು ಒಬ್ಬನೇ ಕೂತಿದ್ದೆ. ಆ ಸಾಲು ಹೊಲಿಗೆ ಬಿಚ್ಚಿದ ನೂಲಿನಂತೆ ಅಂಚಿನಿಂದಾಚೆ ನೇತಾಡುತ್ತಿತ್ತು. ಮೊದಲ ಓಲೆಯಲ್ಲೇ ಅದು ನನ್ನ ಕಣ್ಣು ಚುಚ್ಚಿತ್ತು. ನಾಗನ ಓಲೆಯ ಅಡಿಯಲ್ಲಿ ಇಂಗ್ಲಿಷ್ ಅಕ್ಷರ— ಛೆ, ಎನಿಸಿತು. ತೆಗೆದೆ. ನೀನೇ ಕಲಿಸಿಕೊಟ್ಟಿದ್ದ ಗುಂಡಿ ಒತ್ತಿ ಕಳಿಸಿಬಿಟ್ಟೆ. ತಿದ್ದಿದ್ದು ನಿನ್ನ ಕರಡನ್ನೇ ಆದ್ದರಿಂದ ಆ ಸಾಲು ಇನ್ನೆಲ್ಲೂ ಉಳಿಯಲಿಲ್ಲ. ನೀನು ಬಂದು “ಕಳ್ಸಿದ್ರಿಯಾ ಸಾರ್?” ಎಂದಾಗ ಹೂಂ ಎಂದೆ, ಅಷ್ಟೇ. ಯಾರಾದರೂ ದಿನಾಂಕವನ್ನು ತಿರುಗಿ ಹೇಳಿದರೇ ಎಂದು ನಾನು ಕಾಯಲಿಲ್ಲ— ಜೀವಮಾನವಿಡೀ ಕಾದವನು.

ಇನ್ನೂ ಒಂದು ತಪ್ಪಿದೆ. ನನ್ನ ಬಳಿ ಎರಡು ಪಟ್ಟಿಗಳಿದ್ದವು: ಫೋನ್ ಮಾಡಬೇಕಾದವರದ್ದು, ಇ-ಮೇಲ್ ಹೋಗುವವರದ್ದು. ಒಬ್ಬರ ಹೆಸರು ಒಂದೇ ಪಟ್ಟಿಯಲ್ಲಿ ಎಂಬುದು ನಾನೇ ಮಾಡಿದ ಕಟ್ಟುನಿಟ್ಟು. ಬಹರೈನಿನಲ್ಲಿದ್ದ ನನ್ನ ತಮ್ಮನ ಮಗ ವಾಸು ಎರಡನೆಯದರಲ್ಲಿದ್ದ. ಆದ್ದರಿಂದ ಅವನಿಗೆ ಫೋನ್ ಹೋಗಲಿಲ್ಲ.

ಮೊದಲು ಗೊತ್ತುಮಾಡಿದ್ದ ದಿನ ಬೆಳಿಗ್ಗೆ ನನ್ನ ಮನೆಯ ಫೋನ್ ಹೊಡೆದುಕೊಂಡಿತು.

“ದೊಡ್ಡಪ್ಪ, ನಾ ಬನದ್ ಎದ್ರ್ ನಿತ್ಕಂಡಿದ್ದೆ. ಇಲ್ಲ್ ಒಂದ್ ನರಪಿಳ್ಳಿ ಇಲ್ಲ. ಎಂತ ಕಥೆ?”

ಬ್ರಹ್ಮಾವರದಲ್ಲಿ ಹೆಂಡತಿಯ ತವರಿಗೆ ಬಂದಿಳಿದು, ಅಲ್ಲಿಂದ ಕಾರು ಮಾಡಿಕೊಂಡು, ಹೆಂಡತಿ ಮಗುವಿನೊಡನೆ ನೇರ ಬಿಜೂರಿಗೆ ಬಂದಿದ್ದ. ಮದುವೆಯಾಗಿ ಎಂಟು ವರ್ಷಕ್ಕೆ ಹುಟ್ಟಿದ ಮಗು. ಮೊದಲ ಬಲಿಗೆ ಬನಕ್ಕೆ ತಂದು ಮಲಗಿಸುತ್ತೇವೆಂದು ಹರಕೆ. ಬರುವ ದಾರಿಯಲ್ಲಿ ಎರಡು ದೇವಸ್ಥಾನಗಳ ಒಳಗೂ ಹೋಗಿದ್ದ— ಸೂತಕದಲ್ಲಿ, ತಿಳಿಯದೆ. ಸೂತಕವೆಂದು ಕೇಳಿ ಅವನ ಹೆಂಡತಿ ಬನದ ಕಟ್ಟೆಯ ಹೊರಗೇ ಕೂತು ಅತ್ತಳಂತೆ. ರಜೆ ಇದ್ದದ್ದು ಹತ್ತೇ ದಿನ. ಬಲಿ ನಡೆದ ದಿನ ಅವರು ಬಹರೈನಿನಲ್ಲಿದ್ದರು. ಅವನ ಆಫೀಸಿನ ಕಂಪ್ಯೂಟರಿನಲ್ಲಿ ಮೊದಲ ಓಲೆಯದ್ದು ಖಾಲಿ ಚೌಕ, ಅದರ ಕೆಳಗೆ ದಿನಾಂಕದ ಸಾಲು ಕಂಡಿತ್ತು; ಎರಡನೆಯದು ಬರೀ ಖಾಲಿ ಚೌಕವಾಗಿ ಬಂದಿತ್ತು. ಮೊದಲಿನದನ್ನೇ ಮತ್ತೊಮ್ಮೆ ಕಳಿಸಿದ್ದಾರೆ ಎಂದುಕೊಂಡಿದ್ದ.

ಅವತ್ತೇ ಸಂಜೆ ಕುಟುಂಬದ ಹಿರಿಯರು ಸೇರಿದರು. ಅಧ್ಯಕ್ಷ ಶಂಕ್ರಣ್ಣ ನನ್ನ ಕಡೆ ತಿರುಗಿ, “ಇದ್ ಹ್ಯಾಂಗ್ ಆಯ್ತ್ ಮಾರಾಯಾ? ನೀ ಇಪ್ಪಲ್ಲಿ ಹೀಂಗ್ ಆಪುದಾ?” ಎಂದ. ಆ ನಂಬಿಕೆ ಇತ್ತಲ್ಲ— ಅದನ್ನು ಕಳೆದುಕೊಳ್ಳಲು ನನ್ನಿಂದ ಆಗಲಿಲ್ಲ.

“ಆ ಹೆಣ್ಣಿಗೆ ಕೆಳ್ಗೆ ಸಾಲ್ ಹಾಕುಕೆ ಮರ್ತ್ ಹೋಯ್ತ್ ಕಾಣತ್ತ್,” ಎಂದೆ.

ಮರುದಿನ ಶಂಕ್ರಣ್ಣ ಪ್ರೆಸ್ಸಿನ ಯಜಮಾನರಿಗೆ ಹೇಳಿದ. ಅವರು ನಿನಗೆ ಕೆಲಸಕ್ಕೆ ಬರಬೇಡ ಎಂದರು. ಆ ಹೊತ್ತಿಗೆ ನೀನು ಬ್ರಹ್ಮಾವರದಲ್ಲಿ ನಿನ್ನದೇ ಕಂಪ್ಯೂಟರ್ ಅಂಗಡಿಗೆಂದು ಕೋಣೆ ನೋಡಿಟ್ಟಿದ್ದೆ. ನಮ್ಮ ಕೆಲಸ, ನಮ್ಮ ಮಾತಿನಿಂದ ಬರಬೇಕಿದ್ದ ಇನ್ನೆರಡು ಸಂಘಗಳ ಕೆಲಸ— ಅದರ ಮೇಲೆಯೇ ನಿನ್ನ ಧೈರ್ಯ. ಎಲ್ಲವೂ ಒಂದೇ ವಾರದಲ್ಲಿ ಹೋಯಿತು. ಅವಳ ಕೈಗೆ ಕೊಟ್ಟರೆ ದಿನಾಂಕವೇ ತಪ್ಪುತ್ತದೆ ಎಂಬ ಮಾತು ಊರು ದಾಟಿತ್ತು.

ನೀನು ನಮ್ಮ ಮನೆಗೆ ಬಂದೆ. ಒಳಗೆ ಬರಲಿಲ್ಲ. ಜಗಲಿಯ ಕೆಳಗೇ ನಿಂತು ಕೇಳಿದೆ: “ಸಾರ್, ನಾ ಆ ಸಾಲ್ ಹಾಕಿದ್ದೆ ಅಲ್ದಾ? ನೀವೇ ಓದಿ ಕಂಡಿದ್ರಿ ಅಲ್ದಾ?”

“ನಂಗ್ ನೆನಪಿಲ್ಲ ಹೆಣೆ.”

ನೀನು ನನ್ನ ಮುಖ ನೋಡಿದೆ. ನಿನಗೆ ಗೊತ್ತಾಗಿತ್ತು. ಗೊತ್ತಾದದ್ದು ನನಗೂ ಗೊತ್ತಾಯಿತು. ನೀನು ಜಗಳವಾಡಿದ್ದರೆ— ಇಲ್ಲ, ಆಗಲೂ ನಾನು ಒಪ್ಪುತ್ತಿರಲಿಲ್ಲ. ಸುಳ್ಳು ಬೇಡ.

ಎರಡು ವರ್ಷದ ಹಿಂದೆ ಸಾಸ್ತಾನದಲ್ಲಿ ಒಂದು ಕಾಗದದ ನಕಲು ಮಾಡಿಸಲು ಅಂಗಡಿ ಹೊಕ್ಕರೆ ಅಲ್ಲಿ ನೀನಿದ್ದೆ, ಇನ್ನೊಬ್ಬರ ಅಂಗಡಿಯಲ್ಲಿ ಜೆರಾಕ್ಸ್ ಯಂತ್ರದ ಮುಂದೆ. “ಎಂತ ಸಾರ್, ಆರಾಮಾ?” ಎಂದೆ. ನಾನು ಹೇಳಬೇಕೆಂದು ಬಾಯಿ ತೆರೆದೆ. “ಎರಡು ಪ್ರತಿ,” ಎಂದೆ. ಅಲ್ಲಿಂದೀಚೆಗೆ ಫೋನ್ ಹೊಡೆದುಕೊಂಡರೆ ಸಾಕು, ನೀನೇ ಯಾರಿಗೋ ಹೇಳಿರಬೇಕು, ಈಗ ಕೇಳುತ್ತಾರೆ ಎಂದುಕೊಂಡೇ ಎತ್ತುತ್ತೇನೆ. ನೀನು ಯಾರಿಗೂ ಹೇಳಲಿಲ್ಲ. ಅದು ಇನ್ನೂ ಕಷ್ಟ.

ಕಳೆದ ವಾರ ಧೈರ್ಯ ಮಾಡಿ ವಾಸುವಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವನು ಕೇಳಿದ:

“ಆ ಹೆಣ್ಣಿಗ್ ಹೇಳಿದ್ರ್ಯಾ?”

“ಇಲ್ಲ.”

“ಮತ್ ನನ್ನತ್ರ ಎಂತಕ್ಕೆ ಹೇಳ್ತ್ರಿ?” ಎಂದು ಫೋನ್ ಇಟ್ಟ.

ಭಾನುವಾರ ಹನ್ನೊಂದಕ್ಕೆ ಬಿಜೂರಿನಲ್ಲಿ ಕುಟುಂಬದ ಸಭೆ. ಅಲ್ಲಿ ಇದನ್ನು ಎದ್ದು ನಿಂತು ಓದುತ್ತೇನೆ, ಊಟಕ್ಕೆ ಮೊದಲು— ಊಟವಾದ ಮೇಲೆ ಯಾರೂ ಕೇಳುವುದಿಲ್ಲ. ಕಾರ್ಯದರ್ಶಿಯ ಪುಸ್ತಕಗಳನ್ನೂ ಒಪ್ಪಿಸಿಬಿಡುತ್ತೇನೆ. ಆದರೆ ಮೊದಲು ಓದಬೇಕಾದವಳು ನೀನು. ಶನಿವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಸಾಸ್ತಾನಕ್ಕೆ ಬಂದು ಇದನ್ನು ನಿನ್ನ ಕೈಗೇ ಕೊಡುತ್ತೇನೆ. ನೀನು ಓದಿ ಮುಗಿಸುವವರೆಗೆ ಹೊರಗೆ ನಿಂತಿರುತ್ತೇನೆ. ಬೈಯಬೇಕೆನಿಸಿದರೆ ಗಿರಾಕಿಗಳ ಎದುರೇ ಬೈ. ಏನೂ ಹೇಳದೆ ಕೆಲಸಕ್ಕೆ ತಿರುಗಿದರೆ, ಅದನ್ನೂ ನಿಂತು ನೋಡಿ ಬರುತ್ತೇನೆ.