ಸೋಲಾರ್ ತಿರುಗಿಸಿದ ಫುಂಡಿ

ಅವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಯಾವ ಕಾಲದಲ್ಲೋ ಕಬ್ಬಿಣದ ತೊಟ್ಟಿಯೊಂದು ಬಿದ್ದು ಜಜ್ಜಿಹೋಗಿತ್ತಂತೆ. ಬಿಸಿನೀರಿನ ಪೈಪನ್ನು ಮಾತ್ರ ಯಾವಾಗಲೂ ಹಿಂಗೈಯಿಂದಲೇ ಮುಟ್ಟಿ ನೋಡುತ್ತಿದ್ದರು. "ಅಂಗೈ ಜಡ್ಡುಗಟ್ಟಿದೆ ಬಾಸ್, ಅದು ಸುಳ್ಳು ಹೇಳತ್ತೆ" ಎಂದು ಸ್ವಾಹಿಲಿ ಬೆರೆತ ಇಂಗ್ಲಿಷಿನಲ್ಲಿ ಅನ್ನುತ್ತಿದ್ದರು. ನೈರೋಬಿಯಲ್ಲಿ ಕೈಕೆಲಸ ಬಲ್ಲವರೆಲ್ಲ ಫುಂಡಿಗಳೇ. ನಮ್ಮ ಮನೆಯಲ್ಲಿ ಮಾತ್ರ ಫುಂಡಿ ಅಂದರೆ ಅವರೊಬ್ಬರೇ.

ನೈರೋಬಿಯ ಕಿಲೆಲೆಶ್ವಾ ಬಡಾವಣೆಯ ನಮ್ಮ ಬಾಡಿಗೆ ಮನೆಯ ಗೀಸರ್ ತುಕ್ಕು ಹಿಡಿದು ಸೋರತೊಡಗಿದಾಗ ಹೆಂಡತಿಗೆ ಏಳು ತಿಂಗಳು. ಜುಲೈನಲ್ಲಿ ಹೆರಿಗೆ. ಇಲ್ಲಿ ಜುಲೈ ಅಂದರೆ ಸ್ವೆಟರ್ ಬಿಚ್ಚದ ಚಳಿ. ಬಾಣಂತಿಗೂ ಮಗುವಿಗೂ ಹಂಡೆಗಟ್ಟಲೆ ಬಿಸಿನೀರು ಬೇಕೆಂದು ಮೈಸೂರಿನಿಂದ ನಮ್ಮತ್ತೆ ಫೋನಿನಲ್ಲೇ ಎಚ್ಚರಿಸಿದ್ದರು. ಕರೆಂಟು ಕುಡಿಯುತ್ತಿದ್ದ ಆ ಹಳೆಯದನ್ನು ಕಿತ್ತುಹಾಕಿ ಸೋಲಾರ್ ಹಾಕಿಸೋಣವೆಂದು ಮನೆಯೊಡತಿಯನ್ನು ಒಪ್ಪಿಸಿದೆ. ಫುಂಡಿಯನ್ನು ಕಳಿಸಿಕೊಟ್ಟವರೂ ಅವರೇ.

ಅಡುಗೆಮನೆಯ ಮೇಲಿನ ತಾರಸಿಯಲ್ಲಿ ಫುಂಡಿ ಸ್ಟ್ಯಾಂಡನ್ನು ಉತ್ತರಕ್ಕೆ ಮುಖ ಮಾಡಿ ನಿಲ್ಲಿಸಿದ್ದರು. ನನಗೆ ಮೈಯೆಲ್ಲ ಉರಿಯಿತು. ಬೆಂಗಳೂರಿನಲ್ಲಿ ಯಾವ ತಾರಸಿ ಹತ್ತಿದರೂ ಸೋಲಾರ್ ನೋಡುವುದು ದಕ್ಷಿಣಕ್ಕೆ. ಚಿಕ್ಕಂದಿನಿಂದ ಕಂಡದ್ದು, ಅದರಲ್ಲಿ ಯೋಚಿಸುವುದೇನಿದೆ? ದಕ್ಷಿಣಕ್ಕೆ ತಿರುಗಿಸಿ ಅಂದೆ.

"ಹಪಾನಾ, ಬಾಸ್," ಉಹೂಂ, ಎಂದು ಅವರು ತಲೆಯಾಡಿಸಿದರು. "ಇಲ್ಲಿ ಚಳಿ ತಿಂಗಳಲ್ಲಿ ಸೂರ್ಯ ಉತ್ತರಕ್ಕೆ ಹೋಗ್ತಾನೆ. ಬಿಸಿನೀರು ಬೇಕಾಗೋದೂ ಆಗಲೇ ಅಲ್ವಾ?"

"ನಾನು ಎಂಜಿನಿಯರ್ ಕಣ್ರೀ. ಹೇಳಿದಷ್ಟು ಮಾಡಿ!" ಅಂದೆ. ನಾನು ಓದಿದ್ದು ಕಂಪ್ಯೂಟರು, ನೋಡಿಕೊಳ್ಳುವುದು ಬ್ಯಾಂಕಿನ ಸರ್ವರುಗಳನ್ನು. ಸೂರ್ಯನಿಗೂ ನನಗೂ ಎಲ್ಲಿಂದೆಲ್ಲಿಯ ಸಂಬಂಧ! ಅವರು ಮಾತಿಗೆ ಮಾತು ಬೆಳೆಸಲಿಲ್ಲ. ದಕ್ಷಿಣಕ್ಕೇ ಕೂರಿಸಿದರು. ಆದರೆ ಬೇಕಾದ್ದಕ್ಕಿಂತ ಎರಡು ಮೀಟರ್ ಹೆಚ್ಚು ಪೈಪನ್ನು ಸುರುಳಿ ಸುತ್ತಿ ಬಿಟ್ಟರು. ಅದಕ್ಕೂ ನಾನು ಕೂಗಾಡಿದೆ. "ಪೋಲೆ ಪೋಲೆ, ಬಾಸ್," ನಿಧಾನ ನಿಧಾನ, ಎಂದು ನಕ್ಕು ಏಣಿ ಇಳಿದರು.

ಜುಲೈ ಬಂತು, ಮಗಳು ಬಂದಳು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ಮೊದಲ ಎಣ್ಣೆನೀರಿಗೆ, ಬಾಣಂತನಕ್ಕೆಂದು ಮೈಸೂರಿನಿಂದ ಬಂದಿದ್ದ ಅತ್ತೆ ಬಕೆಟ್ ತುಂಬಿಸಿ ಕೈಯಿಟ್ಟವರು ಹೊರಗೆ ಬಂದು ನಿಂತರು.

"ಅಳಿಯಂದ್ರೇ, ಇದು ನೀರಾ, ಪಾನಕಾನಾ? ಬಾಣಂತಿಗೆ ಸನ್ನಿ ಹಿಡಿದ್ರೆ ಯಾರಪ್ಪಾ ಗತಿ?"

ಸೋಲಾರ್ ತೊಟ್ಟಿಯೊಳಗಿನ ಕರೆಂಟ್ ಕಾಯಿಲ್ ಹಾಕೋಣವೆಂದರೆ ಆ ವಾರ ಕರೆಂಟು ಬಂದಷ್ಟೇ ಬೇಗ ಹೋಗುತ್ತಿತ್ತು. ಅತ್ತೆ ಗ್ಯಾಸಿನ ಮೇಲೆ ಪಾತ್ರೆ ಪಾತ್ರೆಯಾಗಿ ಕಾಯಿಸುತ್ತಿದ್ದರು. ಒಂದು ಪಾತ್ರೆ ಮುಗಿದು ಇನ್ನೊಂದು ಬರುವಷ್ಟರಲ್ಲಿ ಹೆಂಡತಿ ಬಚ್ಚಲಲ್ಲಿ ಗಡಗಡ ನಡುಗುತ್ತಿದ್ದಳು. ತಾರಸಿಗೆ ಹೋಗಿ ನೋಡಿದೆ. ಮೋಡದ ನಡುವೆ ಬಿಸಿಲು ಬಿದ್ದಷ್ಟು ಹೊತ್ತೂ ಸೂರ್ಯ ಸೋಲಾರ್‌ನ ಬೆನ್ನ ಹಿಂದೆಯೇ ಇದ್ದ. ನಾಚಿಕೆ ಬಿಟ್ಟು ಫೋನ್ ಮಾಡಿದೆ.

ಫುಂಡಿ ಮಟಾಟು ವ್ಯಾನ್ ಹಿಡಿದು ಮರುದಿನ ಬೆಳಿಗ್ಗೆಯೇ ಬಂದರು. ಅಂದೇ ಹೇಳಿದ್ದೆನಲ್ಲ ಅನ್ನಲಿಲ್ಲ. ಸುರುಳಿ ಬಿಚ್ಚಿ, ಒಂದು ಪೈಪನ್ನೂ ಕತ್ತರಿಸದೆ, ಅರ್ಧ ಗಂಟೆಯಲ್ಲಿ ಸ್ಟ್ಯಾಂಡನ್ನು ಉತ್ತರಕ್ಕೆ ತಿರುಗಿಸಿದರು. ಎರಡನೆಯ ದಿನಕ್ಕೆ ಬಚ್ಚಲಲ್ಲಿ ಹಬೆಯೆದ್ದಿತು. ಅತ್ತೆ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ನೀರು ಹುಯ್ಯುತ್ತ, ಅದು ಕಿರುಚಿದಷ್ಟೂ ಸಂತೋಷಪಟ್ಟರು.

"ಅವತ್ತು ಯಾಕೆ ಜಗಳ ಆಡಲಿಲ್ಲ?" ಎಂದು ಆಮೇಲೊಮ್ಮೆ ಕೇಳಿದೆ.

"ನಿಮಗೆ ಹೆಂಡತಿ ಚಿಂತೆ. ನನ್ನ ಹತ್ತಿರ ಪೈಪ್ ಇತ್ತು," ಅಂದರು.

ಅದಾದ ಮೇಲೆ ಏಳು ವರ್ಷ ನಮ್ಮ ನಲ್ಲಿ, ಸಿಂಕು ಎಲ್ಲವೂ ಅವರ ಕೈಯಲ್ಲೇ ಇದ್ದವು. ಹೋದ ವರ್ಷ ಎದೆನೋವು ಬಂದು ತೀರಿಕೊಂಡರು. ಬೆಟ್ಟದ ಕಡೆಯ ಅವರ ಊರಿಗೆ ಮಣ್ಣಿಗೆ ಹೋದೆವು. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು, "ಕಿಲೆಲೆಶ್ವಾದ ಎಂಜಿನಿಯರ್ ನೀವೇನಾ? ಸೋಲಾರ್ ಯಾವ ಕಡೆಗಿಡಬೇಕು ಅಂತ ಇಬ್ಬರೂ ಕೂತು ಲೆಕ್ಕ ಹಾಕಿದ್ರಂತೆ. ಎಲ್ಲರ ಹತ್ತಿರಾನೂ ಹೆಮ್ಮೆಯಿಂದ ಹೇಳೋರು," ಎಂದರು.

ಏಳು ವರ್ಷ ಆ ಮನುಷ್ಯ ನನ್ನ ಮಾನ ಕಾದಿದ್ದರು.

"ಇಲ್ಲ ಅಮ್ಮಾ," ಅಂದೆ, ಸುತ್ತ ನಿಂತವರಿಗೂ ಕೇಳುವ ಹಾಗೆ. "ಸರಿಯಾಗಿ ಹೇಳಿದ್ದು ಅವರೊಬ್ಬರೇ. ನಾನು ಬೈದಿದ್ದೆ."